ಡಬ್ಬಿಯಲ್ಲಿ ತವಸಳಿ, ಎದುರಿಗೆ ಕಡಲು

ವೀಕೆಂಡ್‌ಗೆ ಗೋಕರ್ಣ ಅಂದ ಕೂಡಲೇ ಐದು ಬೀಚ್‌ಗಳ ಲಿಸ್ಟ್ ರೆಡಿ ಆಗುತ್ತೆ. ಎಲ್ಲ ಸುತ್ತಿ ಬಂದರೆ ಸೋಮವಾರದ ಮೀಟಿಂಗ್‌ನಲ್ಲಿ ಕಣ್ಣೇ ಬಿಡೋಕಾಗಲ್ಲ. ಅದರ ಬದಲು ಶುಕ್ರವಾರ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ. ಬೆಳಿಗ್ಗೆ ಕುಮಟಾದಲ್ಲಿ ಇಳಿದು, ಕುಡ್ಲೆ ಬೀಚ್ ಒಂದರಲ್ಲೇ ಎರಡು ದಿನ ಸುಮ್ಮನೆ ಕೂತುಬಿಡಿ. ಬಂಡೆ, ಸೆಳೆತ ಎರಡೂ ಇರುವ ಕಡಲು ಅದು. ಈಜು ಬಂದರೂ ಲೈಫ್‌ಗಾರ್ಡ್ ಬೇಡ ಅಂದರೆ ನೀರಿಗಿಳಿಯಬೇಡಿ. ಮಳೆಗಾಲದಲ್ಲಂತೂ ದಡವೇ ಸಾಕು.

ತಿನ್ನೋಕೆ ಕರಾವಳಿಯದೇ ಕೇಕ್ ಇರಲಿ: ಕೊಂಕಣಿ ಮನೆಗಳ ತವಸಳಿ. ಮೊಟ್ಟೆ, ಮೈದಾ, ಓವನ್ ಏನೂ ಬೇಡ. ಹಿಂದೆ ಮೇಲೆ ಕೆಳಗೆ ಕೆಂಡ ಇಟ್ಟು ಬೇಯಿಸುತ್ತಿದ್ದರು. ನಮಗೆ ಕುಕ್ಕರ್ ಸಾಕು. ಸೌತೆಕಾಯಿ ಕಹಿ ಇದೆಯಾ ಅಂತ ರುಚಿ ನೋಡಿ ತುರಿಯಿರಿ. 1½ ಕಪ್ ತುರಿಯಲ್ಲಿ ¾ ಕಪ್ ಬೆಲ್ಲ ಕರಗಿಸಿ, ಹುರಿದ ರವೆ 1 ಕಪ್, ಕಾಯಿತುರಿ ½ ಕಪ್, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ 20 ನಿಮಿಷ ಬಿಡಿ. ಸೌತೆಯ ನೀರನ್ನೇ ಕುಡಿದು ರವೆ ಅರಳುತ್ತೆ. ತುಪ್ಪ ಸವರಿದ ಪಾತ್ರೆಗೆ ಸುರಿದು, ವಿಷಲ್ ಹಾಕದೆ 30 ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಿದ ಮೇಲೆ ಕತ್ತರಿಸಿ.

ಹಸಿ ಕಾಯಿ ಹಾಕಿರುತ್ತೆ, ಭಾನುವಾರಕ್ಕೆ ಉಳಿಸಬೇಡಿ. ಶನಿವಾರ ಬೆಳಿಗ್ಗೆಯೇ ಡಬ್ಬಿ ಖಾಲಿಯಾಗಲಿ.