ಮುಟ್ಟುಗೋಲಿನ ಪಾಲು ಯಾರಿಗೆ? ಕುಣಿಗಲ್‌ನಿಂದ ಹಣಕಾಸು ಸಚಿವರಿಗೆ ಒಂದು ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,



ಕುಣಿಗಲ್ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಎರಡು: ಕೆರೆ ಮತ್ತು ಕುದುರೆ ಫಾರಂ. ಹೈದರ್, ಟಿಪ್ಪು ಕಾಲದ ಅಶ್ವದಳದ ಜೊತೆ ಹೆಸರು ಸೇರಿಕೊಂಡಿರುವ ಆ ಫಾರಂ ನಾನೂರಕ್ಕೂ ಹೆಚ್ಚು ಎಕರೆಯ ಸರ್ಕಾರಿ ಜಮೀನು. 1992ರಲ್ಲಿ ರಾಜ್ಯ ಸರ್ಕಾರ ಅದನ್ನು ವಿಜಯ್ ಮಲ್ಯ ಅವರ ಯುಬಿ ಸಮೂಹಕ್ಕೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ಇಲ್ಲಿ ಹುಟ್ಟಿದ ಮರಿಗಳು ದೇಶದ ದೊಡ್ಡ ದೊಡ್ಡ ರೇಸುಗಳಲ್ಲಿ ಓಡಿದವು. ಮೇವು ಕೊಯ್ಯಲು, ಲಾಯ ಗುಡಿಸಲು, ಕುದುರೆ ಮೈತಿಕ್ಕಲು ಸುತ್ತಲಿನ ಜನ ಒಳಗೆ ಹೋದರು. ಉಳಿದ ನಮಗೆ ಅದು ಬೇಲಿಯಾಚೆಯ ಹಸಿರು.

ಅದೇ ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಆ ಹೊತ್ತಿಗೆ ಅವರು ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರು. 2002ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ನಮ್ಮ ಶಾಸಕರೇ ಮತ ಹಾಕಿ ಅವರನ್ನು ದೆಹಲಿಗೆ ಕಳಿಸಿದ್ದರು. ಅದೇ 2016ರ ಮೇ ತಿಂಗಳಲ್ಲಿ ಮಲ್ಯ ರಾಜೀನಾಮೆ ಕೊಟ್ಟರು. ಅವರದ್ದೂ ಸೇರಿ ಅವಧಿ ಮುಗಿಯಲಿದ್ದ ನಾಲ್ಕು ಸ್ಥಾನಗಳಿಗೆ ಜೂನ್‌ನಲ್ಲಿ ಚುನಾವಣೆ ನಡೆದಾಗ ಗೆದ್ದ ನಾಲ್ವರಲ್ಲಿ ನೀವೂ ಒಬ್ಬರು. 2022ರಲ್ಲಿ ಮತ್ತೆ ಇಲ್ಲಿಂದಲೇ ಆಯ್ಕೆಯಾದಿರಿ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಆಸ್ತಿ ಹಿಡಿಯುವ ಜಾರಿ ನಿರ್ದೇಶನಾಲಯ ನಿಮ್ಮ ಸಚಿವಾಲಯದ ಕಂದಾಯ ಇಲಾಖೆಗೆ ಸೇರಿದೆ, ನೀವು ಸದನದಲ್ಲಿ ಕೂತಿರುವುದು ನಮ್ಮ ರಾಜ್ಯದ ಹೆಸರಿನಲ್ಲಿ. ಈ ಪತ್ರ ಬರೆಯಲು ನಿಮಗಿಂತ ಸರಿಯಾದ ವಿಳಾಸ ನನಗೆ ತೋಚಲಿಲ್ಲ.

ನನ್ನ ಮಾತು ಪರಾರಿಯಾದ ಆರ್ಥಿಕ ಅಪರಾಧಿಗಳ ಕಾಯ್ದೆ, 2018ರ ಬಗ್ಗೆ. ನೂರು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಅಪರಾಧದಲ್ಲಿ ಬಂಧನದ ವಾರಂಟ್ ಹೊರಟ ಮೇಲೂ ವಿಚಾರಣೆಗೆ ಬಾರದೆ ವಿದೇಶದಲ್ಲಿ ಕೂತವರ ಆಸ್ತಿಯನ್ನು, ಶಿಕ್ಷೆಯ ತೀರ್ಪಿಗೆ ಕಾಯದೆ ಮುಟ್ಟುಗೋಲು ಹಾಕಿಕೊಳ್ಳಲು ಈ ಕಾಯ್ದೆ ಅವಕಾಶ ಕೊಟ್ಟಿದೆ. 2019ರ ಜನವರಿ 5ರಂದು ಮುಂಬೈನ ವಿಶೇಷ ನ್ಯಾಯಾಲಯ ಮಲ್ಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಈ ಕಾಯ್ದೆಯಡಿ ಆ ಘೋಷಣೆಗೆ ಒಳಗಾದ ಮೊದಲಿಗರು ಅವರೇ. ಇಂಥದೊಂದು ಕಾಯ್ದೆ ಬೇಕಿತ್ತು. ಸಾಲ ಮಾಡಿ ಸಮುದ್ರ ದಾಟಿದವರನ್ನು ಕಟ್ಟಿ ತರಲು ಎಷ್ಟು ಕಾಲ ಬೇಕು ನೋಡಿ: ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಗಡೀಪಾರಿಗೆ ಒಪ್ಪಿತು, 2020ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ಮೇಲ್ಮನವಿ ತಳ್ಳಿಹಾಕಿತು, ಆದರೂ ಅವರು ಬಂದಿಲ್ಲ. ಮನುಷ್ಯ ಸಿಗದಿದ್ದರೆ ಆಸ್ತಿಯಾದರೂ ಸಿಗಲಿ ಎಂಬ ತತ್ವಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಆದರೆ ಸಿಕ್ಕ ಆಸ್ತಿ ಎಲ್ಲಿಗೆ ಹೋಗಬೇಕು? ಕಾಯ್ದೆಯಲ್ಲಿ ಇದಕ್ಕೆ ಇರುವ ಉತ್ತರ ಇಷ್ಟೇ: ಮುಟ್ಟುಗೋಲಾದ ಆಸ್ತಿಯ ಹಕ್ಕೆಲ್ಲ ಯಾವ ಋಣಭಾರವೂ ಇಲ್ಲದೆ ಕೇಂದ್ರ ಸರ್ಕಾರಕ್ಕೆ ಸೇರುತ್ತದೆ. ನೋಡಿಕೊಳ್ಳಲು ಆಡಳಿತಾಧಿಕಾರಿಯ ನೇಮಕ, 90 ದಿನದವರೆಗೆ ಮಾರಬಾರದೆಂಬ ನಿಯಮ, ಆಮೇಲೆ ವಿಲೇವಾರಿ. ಮಾರಿ ಬಂದ ಹಣ ಮೋಸಹೋದವರಿಗೆ ಸಲ್ಲಬೇಕು ಎಂಬ ಒಂದು ಸಾಲು ಇಲ್ಲ. ಸಂಬಳ ಬಾಕಿ ಉಳಿದವರ ಪ್ರಸ್ತಾಪವೇ ಇಲ್ಲ. ಬ್ಯಾಂಕುಗಳಿಗೆ ಈವರೆಗೆ ಹಣ ಮರಳಿರುವುದು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಸೆಕ್ಷನ್ 8(8)ರ ದಾರಿಯಲ್ಲಿ.

ಈ ಕೊರತೆಯ ಬಿಸಿ ಯಾರಿಗೆ ತಟ್ಟಿತು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. 2005ರಲ್ಲಿ ಹಾರಲು ಶುರುಮಾಡಿದ ಮಲ್ಯ ಅವರ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಅದಕ್ಕೂ ಮೊದಲೇ ಮಾರ್ಚ್‌ನಿಂದ ನೌಕರರಿಗೆ ಸಂಬಳ ಆಗಿರಲಿಲ್ಲ. ಸಾವಿರಾರು ಜನ: ಚೆಕ್-ಇನ್ ಕೌಂಟರಿನಲ್ಲಿ ನಿಂತವರು, ಎಂಜಿನ್ ಬಿಚ್ಚಿ ಜೋಡಿಸಿದವರು, ಸಾಮಾನು ಹೊತ್ತವರು. ಸಂಬಳದಲ್ಲಿ ಕಡಿದುಕೊಂಡ ಟಿಡಿಎಸ್ ಸರ್ಕಾರಕ್ಕೆ ಕಟ್ಟಿಲ್ಲ ಎಂದು ಆದಾಯ ತೆರಿಗೆ ಇಲಾಖೆಯೇ ಮೊಕದ್ದಮೆ ಹೂಡಿತು. ಆ ಸಂಬಳ ಚೀಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂಲವೇತನ ಒಂದು ಸಾಲು, ಭತ್ಯೆ ಒಂದು ಸಾಲು, ಕೆಳಗೆ ‘ಕಡಿತ’ ಎಂಬ ತಲೆಬರಹದಡಿ ತೆರಿಗೆಯ ಮೊತ್ತ. ದುಡಿದವರ ಪಾಲಿಗೆ ತೆರಿಗೆ ಕಟ್ಟಿ ಆಗಿತ್ತು, ಖಜಾನೆಯ ಪಾಲಿಗೆ ಬಂದೇ ಇರಲಿಲ್ಲ. ಬ್ಯಾಂಕಿಗೆ ಅಡಮಾನದ ಕಾಗದವಾದರೂ ಇತ್ತು. ಈ ಜನರ ಕೈಯಲ್ಲಿದ್ದದ್ದು ಆ ಚೀಟಿ ಮಾತ್ರ.

ಅವರ ಬಾಕಿಗೆಂದು 300 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಅಧಿಕೃತ ಸಮಾಪಕರಿಗೆ ಬಿಡುಗಡೆ ಮಾಡಲು ಸಾಲ ವಸೂಲಾತಿ ನ್ಯಾಯಮಂಡಳಿಯಿಂದ ಆದೇಶ ಬಂದದ್ದು 2025ರ ಡಿಸೆಂಬರ್‌ನಲ್ಲಿ. ವಿಮಾನ ನಿಂತು ಹದಿಮೂರು ವರ್ಷವಾದ ಮೇಲೆ. ಜಾರಿ ನಿರ್ದೇಶನಾಲಯ ಮುತುವರ್ಜಿ ವಹಿಸಿತು, ಸ್ಟೇಟ್ ಬ್ಯಾಂಕ್ ಒಪ್ಪಿತು, ಹಾಗಾಗಿ ದಾರಿಯಾಯಿತು. ಒಳ್ಳೆಯದೇ ಆಯಿತು, ಮಾಡಿದವರನ್ನು ಮೆಚ್ಚುತ್ತೇನೆ. ಆದರೆ ಬ್ಯಾಂಕು ಒಪ್ಪದಿದ್ದರೆ? ಈ 2018ರ ಕಾಯ್ದೆಯ ಯಾವ ಸೆಕ್ಷನ್ ತೋರಿಸಿ ಅವರು ಕೇಳಬೇಕಿತ್ತು? ಹದಿಮೂರು ವರ್ಷದಲ್ಲಿ ಅವರ ಮಕ್ಕಳು ಶಾಲೆ ಮುಗಿಸಿ ಕಾಲೇಜು ಸೇರಿದರು, ಕೆಲವರು ತೀರಿಯೂ ಹೋಗಿರಬಹುದು.

ಇದೇ ಕಾಯ್ದೆಯ ಸೆಕ್ಷನ್ 14 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪರಾರಿಯಾದವರು ಸಿವಿಲ್ ದಾವೆ ಹೂಡದಂತೆ, ತಮ್ಮ ಮೇಲಿನ ದಾವೆಗೆ ಎದುರುತ್ತರ ಕೊಡದಂತೆ ನ್ಯಾಯಾಲಯ ತಡೆಯಬಹುದು. ಅವರು ಪ್ರವರ್ತಕರೋ ಬಹುಪಾಲು ಷೇರುದಾರರೋ ಆಗಿರುವ ಕಂಪನಿಗೂ ಈ ತಡೆ ಹಬ್ಬಬಹುದು. ಓಡಿಹೋದವರ ಬಾಯಿ ಕಟ್ಟುವುದು ಸರಿ ಎನ್ನೋಣ. ಕಂಪನಿಗೆ ಬರಬೇಕಾದ ಬಾಕಿಯನ್ನು ಕಂಪನಿಯೇ ಕೇಳಲಾಗದಿದ್ದರೆ ಅಲ್ಲಿನ ನೌಕರರಿಗೆ ಸಂಬಳ ಬರುವುದು ಎಲ್ಲಿಂದ? ಯಜಮಾನನಿಗೆ ಹಾಕಿದ ಬೀಗ ಆಳಿನ ಮನೆಗೂ ಬೀಳಬಾರದು.

ಮಾರಾಟದ ವಿಷಯವನ್ನೂ ಹೇಳಲೇಬೇಕು. ಮುಂಬೈನ ಕಿಂಗ್‌ಫಿಶರ್ ಹೌಸ್ ಕಟ್ಟಡವನ್ನು ಬ್ಯಾಂಕುಗಳು 2016ರ ಮಾರ್ಚ್‌ನಲ್ಲಿ ಹರಾಜಿಗೆ ಇಟ್ಟಾಗ ಮೀಸಲು ಬೆಲೆ 150 ಕೋಟಿ. ಯಾರೂ ಬರಲಿಲ್ಲ. ಬೆಲೆ ಇಳಿಸಿ ಇಳಿಸಿ 2021ರಲ್ಲಿ ಕೊನೆಗೂ ಮಾರಿದ್ದು 52.25 ಕೋಟಿಗೆ. ಅದೇ 2021ರ ಜೂನ್‌ನಲ್ಲಿ ಮಾರಿದ ಯುನೈಟೆಡ್ ಬ್ರೂವರೀಸ್ ಷೇರುಗಳಿಂದ 5,800 ಕೋಟಿಗೂ ಹೆಚ್ಚು ಬಂತು. ಕಟ್ಟಡ ಕಾದಷ್ಟೂ ಕರಗಿತು, ಷೇರು ಮಾತ್ರ ಕೈಹಿಡಿಯಿತು. ಯಾವುದನ್ನು ಕೂಡಲೇ ಮಾರಬೇಕು, ಯಾವುದನ್ನು ಕಾಯಬೇಕು ಎಂದು ತೂಗಿ ನೋಡುವವರು ಬೇಕು, ಹಾಗೆ ತೂಗಿದ್ದರ ಕಾರಣ ಜನರಿಗೆ ಕಾಣುವ ಕಡೆ ದಾಖಲಾಗಬೇಕು.

2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ನೀವೇ ಹೇಳಿದಿರಿ, ಮಲ್ಯ ಅವರ ಆಸ್ತಿಯಿಂದ 14,131.6 ಕೋಟಿ ರೂಪಾಯಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಮರಳಿದೆ ಎಂದು. ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ನಿಗದಿ ಮಾಡಿದ್ದು 6,203 ಕೋಟಿ ಮತ್ತು ಅದರ ಮೇಲೆ ಶೇ 11.5ರ ಬಡ್ಡಿ. ಕೊಡಬೇಕಾದ್ದಕ್ಕಿಂತ ಹೆಚ್ಚು ವಸೂಲಾಗಿದೆ, ಲೆಕ್ಕ ಕೊಡಿಸಿ ಎಂದು ಮಲ್ಯ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮೊರೆಹೋದರು. ನ್ಯಾಯಾಲಯದ ಆದೇಶ ಮೀರಿ ಮಕ್ಕಳ ಹೆಸರಿಗೆ 4 ಕೋಟಿ ಡಾಲರ್ ವರ್ಗಾಯಿಸಿದ್ದಕ್ಕೆ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಿಂದ ನಾಲ್ಕು ತಿಂಗಳ ಸಜೆ ಪಡೆದ ವ್ಯಕ್ತಿ ಲಂಡನ್ನಿನಲ್ಲಿ ಕೂತು ಲೆಕ್ಕ ಕೇಳುವುದು ನನಗೆ ಸಹಿಸಲಾಗದ ಮಾತು. ಆದರೂ ಲೆಕ್ಕ ಇರಬೇಕು. ಅದು ಅವರಿಗಿಂತ ಮೊದಲು ನಮಗೆ ಸಲ್ಲಬೇಕಾದ ಲೆಕ್ಕ. ಆ ಬ್ಯಾಂಕುಗಳಲ್ಲಿ ಇರುವುದು ನಮ್ಮ ಠೇವಣಿ.

ನಮ್ಮ ತಾಲ್ಲೂಕಿನ ಯಾವ ರೈತನ ಪಹಣಿಯನ್ನಾದರೂ ತೆಗೆದು ನೋಡಿ. ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದನೇ ಕಾಲಂನಲ್ಲಿ ಋಣ. ಎರಡೆಕರೆ ರಾಗಿ ಹೊಲದ ಮೇಲೆ ಮಾಡಿದ ಬೆಳೆ ಸಾಲ, ಯಾವ ಬ್ಯಾಂಕು, ಎಷ್ಟು ರೂಪಾಯಿ, ಎಲ್ಲ ಅಲ್ಲಿರುತ್ತದೆ. ಸರ್ವೆ ನಂಬರ್ ಗೊತ್ತಿದ್ದವರು ಯಾರು ಬೇಕಾದರೂ ರಾಜ್ಯದ ಭೂದಾಖಲೆ ಜಾಲತಾಣ ‘ಭೂಮಿ’ಯಲ್ಲಿ ನೋಡಬಹುದು. ಸಾಲ ತೀರಿಸಿದ ಮೇಲೂ ಆ ನಮೂದು ತೆಗೆಸಲು ರೈತ ಬ್ಯಾಂಕಿಗೂ ನಾಡಕಚೇರಿಗೂ ಅಲೆಯುತ್ತಾನೆ. ಎರಡೆಕರೆಯವನ ಸಾಲವನ್ನು ಊರಿಗೆಲ್ಲ ಕಾಣುವಂತೆ ಬರೆದಿಡುವ ವ್ಯವಸ್ಥೆಗೆ, ಸಾವಿರಾರು ಕೋಟಿಯ ಮುಟ್ಟುಗೋಲಿನ ಒಂದೊಂದು ಆಸ್ತಿಯೂ ಯಾವಾಗ ಹಿಡಿದದ್ದು, ಎಷ್ಟಕ್ಕೆ ಮಾರಿದ್ದು, ಹಣ ಯಾರಿಗೆ ಸಂದದ್ದು ಎಂದು ಬರೆದಿಡುವುದು ಕಷ್ಟವಲ್ಲ. 2025ರ ಅಕ್ಟೋಬರ್ ಕೊನೆಯ ಹೊತ್ತಿಗೆ ಈ ಕಾಯ್ದೆಯಡಿ ಘೋಷಿತರಾದವರು 15 ಮಂದಿ. ಹದಿನೈದು ಜನರ ಆಸ್ತಿಗೆ ಒಂದು ಬಹಿರಂಗ ಪಹಣಿ ಮಾಡಿಸಿ.

ಪಹಣಿಯ ಮಾತು ಬಂದಾಗ ಫಾರಂ ಮತ್ತೆ ನೆನಪಾಗುತ್ತದೆ. ಕಟ್ಟಡ, ವಿಮಾನ, ಷೇರುಗಳೆಲ್ಲ ಜಪ್ತಿಯ ಸುಳಿಗೆ ಸಿಕ್ಕಿದಾಗಲೂ ನಮ್ಮೂರಿನ ಜಮೀನು ಜನರ ಸ್ವತ್ತಾಗಿ ಉಳಿಯಿತು. ಅದಕ್ಕೆ ಕಾರಣ ದೆಹಲಿಯ ಕಾಯ್ದೆಯಲ್ಲ. 1992ರಲ್ಲಿ ಅದನ್ನು ಮಾರದೆ ಗುತ್ತಿಗೆಗೆ ಕೊಟ್ಟದ್ದು. ಒಡೆತನ ಸರ್ಕಾರದ ಹೆಸರಿನಲ್ಲೇ ನಿಂತಿತು. 30 ವರ್ಷದ ಲೆಕ್ಕ 2022ಕ್ಕೆ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಬರುತ್ತದೆ, ಬೆಂಗಳೂರಿನ ರೇಸ್‌ಕೋರ್ಸ್ ಬರುತ್ತದೆ ಎಂಬ ಮಾತುಗಳು ನಡೆದಿವೆ. ಅದು ರಾಜ್ಯ ಸರ್ಕಾರಕ್ಕೆ ಬರೆಯಬೇಕಾದ ಬೇರೆಯದೇ ಪತ್ರ. ನಿಮ್ಮಲ್ಲಿ ಕೇಳುವುದು ಬೇರೆ. ಸಾರ್ವಜನಿಕ ಜಮೀನಿನ ಗುತ್ತಿಗೆ, ಗಣಿ, ಪರವಾನಗಿ ಇಟ್ಟುಕೊಂಡವರು ನಾಳೆ ಪರಾರಿಯೆಂದು ಘೋಷಿತರಾದರೆ, ಆ ಗುತ್ತಿಗೆ ಏನಾಗಬೇಕು, ಅಲ್ಲಿ ದುಡಿಯುವವರ ಕೆಲಸ ಏನಾಗಬೇಕು ಎಂಬುದನ್ನು ಕಾಯ್ದೆ ಸ್ಪಷ್ಟವಾಗಿ ಹೇಳಲಿ. ಗುತ್ತಿಗೆ ಮೂಲ ಒಡೆಯನಾದ ರಾಜ್ಯಕ್ಕೋ ಪಂಚಾಯಿತಿಗೋ ಮರಳಲಿ, ದುಡಿಯುವವರು ದುಡಿಮೆ ಕಳೆದುಕೊಳ್ಳದಿರಲಿ.

ಹಿಡಿಯುವುದನ್ನು ಬರೆದು ಕೊಡುವುದನ್ನು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಕಡೆ ನೋಡಿದರೆ ಸಾಕು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ರಷ್ಯಾದ ಧನಿಕ ರೋಮನ್ ಅಬ್ರಮೊವಿಚ್ ಮೇಲೆ ಬ್ರಿಟನ್ನಿನ ನಿರ್ಬಂಧ ಬಿತ್ತು. ಅವರ ಚೆಲ್ಸಿ ಫುಟ್‌ಬಾಲ್ ಕ್ಲಬ್ 2022ರ ಮೇ ತಿಂಗಳಲ್ಲಿ ಮಾರಾಟವಾಗಿ 250 ಕೋಟಿ ಪೌಂಡ್ ಬಂತು. ಯುದ್ಧದಲ್ಲಿ ನೊಂದವರಿಗೆ ಕೊಡುವುದೆಂದು ಮಾತಾಯಿತು. ಯಾರಿಗೆ, ಯಾವ ಸಂಸ್ಥೆಯ ಮೂಲಕ, ಉಕ್ರೇನಿನೊಳಗೆ ಮಾತ್ರವೋ ಹೊರಗೂ ಕೊಡಬೇಕೋ ಎಂಬ ಜಗಳದಲ್ಲಿ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕೊಳೆಯಿತು. ಕೆನಡಾ ಅದೇ 2022ರಲ್ಲಿ ತನ್ನ ಕಾಯ್ದೆ ತಿದ್ದಿದಾಗ, ಮುಟ್ಟುಗೋಲಿನ ಹಣವನ್ನು ನೊಂದ ದೇಶದ ಮರುನಿರ್ಮಾಣಕ್ಕೆ, ಶಾಂತಿ ಮರುಸ್ಥಾಪನೆಗೆ, ಸಂತ್ರಸ್ತರ ಪರಿಹಾರಕ್ಕೆ ಬಳಸಬಹುದು ಎಂದು ಕಾಯ್ದೆಯಲ್ಲೇ ಬರೆಯಿತು. ಆ ದೇಶದ ಜಪ್ತಿಗಳೂ ನಿಧಾನವಾಗಿಯೇ ಸಾಗಿವೆ, ಆದರೂ ಹಣ ಹೋಗಬೇಕಾದ ವಿಳಾಸ ಗೊತ್ತಿದೆ.

ಅಷ್ಟು ದೂರ ಹೋಗುವುದೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಮ್ಮದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 107 ನೋಡಿ. ಅಪರಾಧದಿಂದ ಗಳಿಸಿದ್ದನ್ನು ನ್ಯಾಯಾಲಯದ ಆದೇಶದಂತೆ ಜಿಲ್ಲಾ ಮ್ಯಾಜಿಸ್ಟ್ರೇಟ್ 60 ದಿನದೊಳಗೆ ಆ ಅಪರಾಧದಿಂದ ನೊಂದವರಿಗೆ ಹಂಚಬೇಕು ಎಂದು ಅದರಲ್ಲಿದೆ. ಸಣ್ಣ ಕಳ್ಳನ ವಿಷಯದಲ್ಲಿ ನಿಮ್ಮ ಸರ್ಕಾರವೇ ಒಪ್ಪಿದ ನ್ಯಾಯ ಇದು. ನೂರು ಕೋಟಿ ದಾಟಿದವರ ಕಾಯ್ದೆಯಲ್ಲಿ ಅದು ಇರದಿರಲು ಕಾರಣ ನನಗೆ ಕಾಣುವುದಿಲ್ಲ.

ಆದ್ದರಿಂದ ತಿದ್ದುಪಡಿ ತನ್ನಿ. ಮುಟ್ಟುಗೋಲಿನಿಂದ ಬಂದ ಹಣದಲ್ಲಿ ಮೊದಲ ಪಾಲು ಬಾಕಿ ಸಂಬಳಕ್ಕೆ, ಭವಿಷ್ಯನಿಧಿಗೆ, ಗ್ರಾಚ್ಯುಟಿಗೆ ಹೋಗಲಿ. ಸಣ್ಣ ಠೇವಣಿದಾರರು, ಸಾಮಾನು ಕೊಟ್ಟ ಸಣ್ಣ ವ್ಯಾಪಾರಿಗಳು ಆಮೇಲೆ. ಬ್ಯಾಂಕುಗಳು ನಂತರ. ಬ್ಯಾಂಕಿಗೆ ಆಗುವ ನಷ್ಟವೂ ಜನರದೇ ಎಂದು ನೀವು ಹೇಳಬಹುದು, ನಿಜ. ಆದರೆ ಸಾಲ ಕೊಡುವಾಗ ಕಾಗದ ಪರೀಕ್ಷಿಸಿ ನೋಡುವ ಅವಕಾಶ ಬ್ಯಾಂಕಿಗಿತ್ತು. ಬೆಳಗಿನ ಪಾಳಿಗೆ ವಿಮಾನ ನಿಲ್ದಾಣಕ್ಕೆ ಹೋದವರಿಗೆ ಆ ಅವಕಾಶ ಇರಲಿಲ್ಲ.

ಪರಾರಿಯಾದವರ ಹಕ್ಕಿನ ಬಗ್ಗೆಯೂ ಒಂದು ಮಾತು. ಈ ಕಾಯ್ದೆಯ ಸಿಂಧುತ್ವವನ್ನೇ ಮಲ್ಯ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ತೀರ್ಪಿಲ್ಲದೆ ಆಸ್ತಿ ಕಿತ್ತುಕೊಳ್ಳುವ ಅಧಿಕಾರ ದೊಡ್ಡದು, ನಾಳೆ ಅದು ತಪ್ಪು ಕೈಗೆ ಸಿಗಬಹುದು ಎಂಬ ಭಯ ನನಗೂ ಇದೆ. ಹಣ ಎಲ್ಲಿಗೆ ಹೋಗುತ್ತದೆ ಎಂದು ಕಾಯ್ದೆಯಲ್ಲೇ ಬರೆದು ಲೆಕ್ಕವನ್ನು ಬಯಲಿನಲ್ಲಿಟ್ಟರೆ ಆ ಅಧಿಕಾರಕ್ಕೆ ಕಡಿವಾಣ ಬೀಳುತ್ತದೆ, ನ್ಯಾಯಾಲಯದಲ್ಲಿ ಅದನ್ನು ಸಮರ್ಥಿಸಿಕೊಳ್ಳಲು ನಿಮ್ಮ ವಕೀಲರಿಗೂ ಬಲ ಬರುತ್ತದೆ.

ಉತ್ತರವನ್ನು ನನಗೆ ಕಳಿಸಬೇಕಿಲ್ಲ. ಕರ್ನಾಟಕದ ಸದಸ್ಯೆಯಾಗಿ ರಾಜ್ಯಸಭೆಯಲ್ಲೇ ಹೇಳಿ: ಹದಿಮೂರು ವರ್ಷ ಕಾದ ಆ ನೌಕರರಲ್ಲಿ ಎಷ್ಟು ಮಂದಿಯ ಖಾತೆಗೆ ಹಣ ಜಮೆಯಾಗಿದೆ, ಇನ್ನೆಷ್ಟು ಮಂದಿಗೆ ಬಾಕಿ ಇದೆ, ತಿದ್ದುಪಡಿ ಮಸೂದೆಯನ್ನು ಯಾವ ಅಧಿವೇಶನದಲ್ಲಿ ಮಂಡಿಸುತ್ತೀರಿ ಎಂದು.

ಇಂತಿ,
ಕುಣಿಗಲ್ ಪಟ್ಟಣದ ಒಬ್ಬ ನಿವಾಸಿ