ಏಳನೇ ತಿರುವಿನ ಮಿಸ್ಸಿಂಗ್

ಮಕ್ಕಳೇ, ಮುಂದೆ ಓದುವ ಮೊದಲು ನಿಮ್ಮ ಅಜ್ಜಿಯನ್ನು ಒಂದು ಮಾತು ಕೇಳಿ ಬನ್ನಿ. ಮೂರು ನಾಲ್ಕು ಜನ ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಒನಕೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದದ್ದು ಅವರಿಗೆ ನೆನಪಿದೆಯೇ ಅಂತ. ಒಬ್ಬರ ಒನಕೆ ಮೇಲಿದ್ದಾಗ ಇನ್ನೊಬ್ಬರದು ಕೆಳಗೆ. ಧಂ, ಧಂ, ಧಂ, ಧಂ. ಒಬ್ಬರು ಮಾತಿನ ಭರದಲ್ಲಿ ಸರದಿ ತಪ್ಪಿಸಿದರೆ ಒಳಮನೆಯಲ್ಲಿ ಮಲಗಿದ್ದವರಿಗೂ ಗೊತ್ತಾಗುತ್ತಿತ್ತು.

ನಾಲ್ಕು ಸಿಲಿಂಡರಿನ ಎಂಜಿನ್ನೂ ಹೀಗೇ. ನಾಲ್ಕು ಕೊಳವೆ, ಒಂದೊಂದರಲ್ಲೂ ಮೇಲೆ ಕೆಳಗೆ ಓಡಾಡುವ ಪಿಸ್ಟನ್. ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣಕ್ಕೆ ಪ್ಲಗ್ ಕಿಡಿ ಮುಟ್ಟಿಸಿದೊಡನೆ ಪಿಸ್ಟನ್ನನ್ನು ಅದು ಕೆಳಕ್ಕೆ ನೂಕುತ್ತದೆ. ನಮ್ಮ ಗಾಡಿಯಲ್ಲಿ ಸರದಿ ಒಂದು, ಮೂರು, ನಾಲ್ಕು, ಎರಡು. ಯಾವುದಾದರೂ ಒಂದಕ್ಕೆ ಕಿಡಿ ತಪ್ಪಿದರೆ ತಾಳ ಕೆಡುತ್ತದೆ, ಗಾಡಿ ಬಿಕ್ಕಳಿಸುತ್ತದೆ. ಇದಕ್ಕೆ ಗ್ಯಾರೇಜಿನವರ ಹೆಸರು ‘ಮಿಸ್ಸಿಂಗ್ ಹೊಡೆಯೋದು’.

‘ನಮ್ಮ ಗಾಡಿ’ ಎಂದೆನಲ್ಲ, ಅದು ಹಿಂದೆ ಸಾಮಾನು ತುಂಬಲು ತೊಟ್ಟಿ ಕಟ್ಟಿಸಿದ್ದ ಹಳೇ ಪೆಟ್ರೋಲ್ ಪಿಕಪ್. ನನಗಿಂತ ಕೆಲವೇ ವರ್ಷ ಚಿಕ್ಕದು. ನಾನು ಹೇಳುತ್ತಿರುವುದು 2003ರ ಬೇಸಿಗೆ ರಜೆಯ ಮಾತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗಿ, ಅಲ್ಲಿಂದ ತೆಂಗಿನಕಾಯಿ, ಅಕ್ಕಿ ತುಂಬಿಕೊಂಡು ಮತ್ತೆ ಘಾಟಿ ಹತ್ತುವುದು ಅದರ ಕೆಲಸ. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಆ ಏಪ್ರಿಲ್‌ನಿಂದ ಏಳನೇ ತಿರುವಿನ ಹತ್ತಿರ ಬಂದರೆ ಸಾಕು, ಗಾಡಿ ಕುಂಟತೊಡಗುತ್ತಿತ್ತು. ಧಂ, ಧಂ, ಧಂ... ಆಮೇಲೆ ಖಾಲಿ. ನಡುನಡುವೆ ಸೈಲೆನ್ಸರಿನಲ್ಲಿ ‘ಢಬ್’. ಉರಿಯದೆ ಹೊರಬಿದ್ದ ಪೆಟ್ರೋಲ್ ಬಿಸಿ ಕೊಳವೆಯಲ್ಲಿ ಹೊತ್ತಿಕೊಳ್ಳುವ ಸದ್ದು ಅದು.

ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಅಲ್ಲಿ ಗಾಡಿ ಬೆಕ್ಕಿನ ಮರಿಯ ಹಾಗೆ ಗುರುಗುಟ್ಟಿತು. ಡಾಕ್ಟರ ಎದುರು ಕೂತಾಗ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಪಾಪ, ಮೇಸ್ತ್ರಿ ಪ್ಲಗ್ ಬದಲಾಯಿಸಿದರು, ಪಾಯಿಂಟ್ ಬದಲಾಯಿಸಿದರು, ಕಂಡೆನ್ಸರ್ ಹಾಕಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು. ಮೂರು ವಾರದಲ್ಲಿ ಮೂರು ಸಲ ದುಡ್ಡು ಕೊಟ್ಟೆ. ಏಳನೇ ತಿರುವು ಮಾತ್ರ ಏಳನೇ ತಿರುವಾಗಿಯೇ ಉಳಿಯಿತು. “ಗುಜರಿಗೆ ಹಾಕಿ, ಆ ದುಡ್ಡಲ್ಲಿ ಒಂದು ಹಸು ತರಬಹುದು” ಎಂದಳು ನನ್ನ ಹೆಂಡತಿ.

ನನಗೆ ಸಿಟ್ಟು ಬಂತು. ಸಿಟ್ಟು ಬಂದವನಿಗೆ ಕಾರಣಕ್ಕಿಂತ ಬೇಗ ಸಿಗುವವನು ಒಬ್ಬ ಮನುಷ್ಯ. ಗಾಡಿ ಓಡಿಸುತ್ತಿದ್ದ ಹುಡುಗ ನಾಲ್ಕನೇ ಕ್ಲಾಸಿನವರೆಗೆ ನನ್ನ ಶಾಲೆಯಲ್ಲೇ ಕಲಿತವನು. ಪೆಟ್ರೋಲ್ ಹಾಕಿಸಿಕೊಂಡು ಬರುತ್ತಿದ್ದವನೂ ಅವನೇ. ಆಗ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಅಗ್ಗವಾಗಿ ಸಿಗುತ್ತಿತ್ತು, ಅದನ್ನು ಪೆಟ್ರೋಲಿಗೆ ಬೆರೆಸಿ ಉಳಿದ ದುಡ್ಡು ಜೇಬಿಗಿಳಿಸುವವರ ಕಥೆಗಳೂ ಬೇಕಾದಷ್ಟು ಇದ್ದವು. ಒಂದು ಬೆಳಿಗ್ಗೆ ಅಂಗಳದಲ್ಲಿ ಕೆಲಸದವರೆಲ್ಲ ನಿಂತಿರುವಾಗಲೇ ಕೇಳಿಬಿಟ್ಟೆ: “ಎಷ್ಟು ಲೀಟರ್ ಸೀಮೆಎಣ್ಣೆ ಬೆರೆಸಿದ್ದೀಯೋ?”

ಅವನು ನನ್ನ ಮುಖ ನೋಡಿದ. “ಮೇಷ್ಟ್ರೇ, ಮಳೆ ಬಿದ್ದ ಮಾರನೇ ದಿನ ಜಾಸ್ತಿ ಕುಂಟುತ್ತದೆ. ಅವತ್ತೇ ಹೇಳಿದ್ದೆ ನಿಮಗೆ” ಎಂದ. ಗಾಡಿಯ ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಹೊರಟುಹೋದ.

ರಜೆಗೆ ಬಂದಿದ್ದ ಮೊಮ್ಮಗಳು ಇದನ್ನೆಲ್ಲ ತೂಗುಮಂಚದ ಮೇಲೆ ಕೂತು ನೋಡುತ್ತಿದ್ದಳು. ಆಗ ಐದನೇ ಕ್ಲಾಸು ಮುಗಿಸಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು: “ಅಜ್ಜಾ, ಅವನು ಬೆರೆಸಿದ್ದನ್ನು ನೀನು ನೋಡಿದ್ಯಾ?”

ಸಾರನ್ನ ಗಂಟಲಲ್ಲಿ ನಿಂತಿತು.

ಅವತ್ತು ಸಂಜೆ ಅಂಗಳದ ಮೂಲೆಯಲ್ಲಿ, ಒಲೆಯಿಂದ ದೂರ, ಬಿಳಿ ಕಾಗದದ ಮೂರು ಚೂರು ಇಟ್ಟೆವು. ಒಂದರ ಮೇಲೆ ನಮ್ಮ ಗಾಡಿಯ ಪೆಟ್ರೋಲ್ ಒಂದು ತೊಟ್ಟು, ಇನ್ನೊಂದರ ಮೇಲೆ ಪಕ್ಕದ ಮನೆಯ ಸ್ಕೂಟರಿನ ಪೆಟ್ರೋಲ್, ಮೂರನೆಯದರ ಮೇಲೆ ಲಾಟೀನಿನ ಸೀಮೆಎಣ್ಣೆ. ಶುದ್ಧ ಪೆಟ್ರೋಲ್ ಬೇಗ ಆವಿಯಾಗಿ ಹೋಗುತ್ತದೆ, ಕಾಗದದಲ್ಲಿ ಗುರುತೇ ಉಳಿಯುವುದಿಲ್ಲ. ಸೀಮೆಎಣ್ಣೆ ಜಿಡ್ಡಿನ ಕಲೆ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮೊದಲಿನ ಎರಡೂ ಕಾಗದ ಒಣಗಿ ಬೆಳ್ಳಗಾದವು.

ಆ ರಾತ್ರಿಯೇ ಹುಡುಗನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ನಿಜವಾದ ಕಾರಣ ಸಿಕ್ಕಿದ ಮೇಲೆ ಹೋಗೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬರೀ ನೆಪ.

ಮಾರನೇ ದಿನ ಮೊಮ್ಮಗಳು ತನ್ನ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆ ತೆರೆದು ಕೂತಳು. ನಾನು ಮೇಸ್ತ್ರಿಗೆ ಒಂದು ಷರತ್ತು ಹಾಕಿದೆ. ಇನ್ನು ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೊಂದಕ್ಕೂ ಘಾಟಿ ಹತ್ತಿ ನೋಡುವುದು, ಕಂಡದ್ದನ್ನು ಇವಳು ಬರೆದುಕೊಳ್ಳುವುದು. ಮೇಸ್ತ್ರಿ ನಕ್ಕರು, ಆದರೆ ಒಪ್ಪಿದರು. ಅವರಿಗೂ ಈ ಗಾಡಿ ಮರ್ಯಾದೆಯ ಪ್ರಶ್ನೆಯಾಗಿತ್ತು.

ಮೊದಲ ದಿನ ಖಾಲಿ ಗಾಡಿ ಹತ್ತಿಸಿದೆವು. ಸದ್ದಿಲ್ಲ, ಬಿಕ್ಕಳಿಕೆಯಿಲ್ಲ. ‘ಖಾಲಿ: ಸರಿ’ ಎಂದು ಬರೆದಳು. ಎರಡನೇ ಸಲ ಹೆಬ್ರಿಯಲ್ಲಿ ತೆಂಗಿನಕಾಯಿ ತುಂಬಿಸಿದೆವು. ಹಿಂದಿನ ರಾತ್ರಿ ಮಳೆಯೂ ಬಿದ್ದಿತ್ತು. ಏಳಕ್ಕೂ ಕಾಯದೆ ಐದನೇ ತಿರುವಿನಲ್ಲೇ ಶುರುವಾಯಿತು. ಮೇಸ್ತ್ರಿ “ಕೀ ಆಫ್ ಮಾಡಿ!” ಎಂದು ಕೂಗಿದರು. ಹ್ಯಾಂಡ್‌ಬ್ರೇಕ್ ಎಳೆದೆ, ಮೊಮ್ಮಗಳು ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟಳು. ಕುಂಟುತ್ತಿರುವಾಗಲೇ ಎಂಜಿನ್ ನಿಲ್ಲಿಸಿದರೆ ಪ್ಲಗ್‌ಗಳು ಆ ಗಳಿಗೆಯ ಸತ್ಯವನ್ನೇ ಹೇಳುತ್ತವೆ. ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋದರೆ ಸಾಕ್ಷಿ ಸುಟ್ಟುಹೋಗಿರುತ್ತದೆ. ಸ್ವಲ್ಪ ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿದೆವು. ಮೂರು ತಿಳಿಗಂದು ಬಣ್ಣಕ್ಕೆ ತಿರುಗಿ ಒಣಗಿದ್ದವು. ಮೂರನೇ ಸಿಲಿಂಡರಿನದು ಕಪ್ಪಾಗಿ, ಪೆಟ್ರೋಲಿನಲ್ಲಿ ತೊಯ್ದಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ತಡೆಗೋಡೆಯ ಮೇಲೆ ಕೂತಿದ್ದ ಮಂಗಗಳ ಸಂಸಾರ ನಮ್ಮ ತೆರೆದ ಬಾನೆಟ್ಟಿಗಿಂತ ಹಿಂದಿದ್ದ ತೆಂಗಿನಕಾಯಿಯನ್ನೇ ಆಸಕ್ತಿಯಿಂದ ನೋಡುತ್ತಿತ್ತು.

ಇಷ್ಟಾದ ಮೇಲೆ ಕಳ್ಳ ಯಾವ ಕೋಣೆಯಲ್ಲಿದ್ದಾನೆ ಎಂದು ಗೊತ್ತಾಯಿತು. ಎರಡನೆಯ ಮತ್ತು ಮೂರನೆಯ ಪ್ಲಗ್‌ಗಳನ್ನು ಅದಲುಬದಲು ಮಾಡಿ ಹತ್ತಿದೆವು. ಮತ್ತೆ ಮೂರನೆಯದೇ ಒದ್ದೆ. ತಪ್ಪು ಪ್ಲಗ್ಗಿನದಲ್ಲ. ವೈರುಗಳನ್ನು ಅದಲುಬದಲು ಮಾಡಿದೆವು. ಮತ್ತೆ ಮೂರನೆಯದೇ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿ ನೋಡಿದೆವು. ವೈರು ಎಲ್ಲಾದರೂ ಸೋರುತ್ತಿದ್ದರೆ ನೀಲಿ ಕಿಡಿ ಕಾಣಬೇಕು. ಅಂಗಳದ ತುಂಬ ಮಿಣುಕುಹುಳ, ಎಂಜಿನ್ ಮೇಲೆ ಮಾತ್ರ ಒಂದೂ ಮಿಂಚಲಿಲ್ಲ. ಪ್ಲಗ್ ಬಿಚ್ಚಿದ ತೂತಿಗೆ ಮೇಸ್ತ್ರಿ ಹೆಬ್ಬೆರಳು ಒತ್ತಿ ಸೆಲ್ಫ್ ಹೊಡೆಸಿದರು. ನಾಲ್ಕರಲ್ಲೂ ಗಾಳಿ ಒಂದೇ ಜೋರಿನಲ್ಲಿ ಬೆರಳನ್ನು ನೂಕಿತು. ಎಂಜಿನ್ನಿನ ಹೊಟ್ಟೆ ಗಟ್ಟಿಯಾಗಿಯೇ ಇತ್ತು. (ಮಕ್ಕಳೇ, ಇವು ಯಾವುದನ್ನೂ ನೀವು ಮಾಡಬೇಡಿ. ಮೇಸ್ತ್ರಿಯಂಥವರೇ ಒಮ್ಮೆ ಆ ವೈರು ಮುಟ್ಟಿ ಹೌಹಾರಿ ಹಿಂದಕ್ಕೆ ನೆಗೆದದ್ದನ್ನು ನಾನು ನೋಡಿದ್ದೇನೆ.)

ಈಗ ಉಳಿದದ್ದು ಡಿಸ್ಟ್ರಿಬ್ಯೂಟರ್. ಪಂಕ್ತಿಯಲ್ಲಿ ಬಡಿಸುವವರು ಎಲೆಯಿಂದ ಎಲೆಗೆ ಹೋಗುವ ಹಾಗೆ, ಕಿಡಿಯ ಕರೆಂಟನ್ನು ನಾಲ್ಕು ಪ್ಲಗ್‌ಗಳಿಗೆ ಸರದಿಯಲ್ಲಿ ಬಡಿಸುವ ಭಾಗ ಇದು. ಬ್ಯಾಟರಿಯ 12 ವೋಲ್ಟಿಗೆ ಗಾಳಿಯಲ್ಲಿ ಕಿಡಿ ಹಾರಿಸುವ ಶಕ್ತಿ ಇಲ್ಲ. ಕಾಯಿಲ್ಲಿನೊಳಗೆ ಎರಡು ತಂತಿಸುರುಳಿಗಳಿವೆ. ಒಂದರ ಕರೆಂಟನ್ನು ತಟ್ಟನೆ ಕಡಿದರೆ ಇನ್ನೊಂದರಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಇದರ ಮೂಲತತ್ತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಹಿಡಿದಿದ್ದ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸೆಕೆಂಡಿಗೆ 80 ಕಿಡಿ ಬೇಕು. ಇಷ್ಟನ್ನೂ ಬಡಿಸುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮುಚ್ಚಳದೊಳಗೆ.

ಆ ಮುಚ್ಚಳವನ್ನು ಯಾರೂ ಅನುಮಾನಿಸಿರಲಿಲ್ಲ. ಹಿಂದಿನ ವರ್ಷ ತಾನೇ ಹಾಕಿಸಿದ್ದು. “ಅದು ಹೊಸದು ಮಾರಾಯ್ರೇ” ಎಂದು ಮೇಸ್ತ್ರಿ ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿ ವಾಪಸ್ ಹಾಕುತ್ತಿದ್ದರು. ಈ ಸಲವೂ ಬಿಚ್ಚಿ ಜಗಲಿಯ ಮೇಲಿಟ್ಟು ಕಾಫಿ ಕುಡಿಯಲು ಕೂತೆವು. ಅವರ ಚಾಳೀಸು ಗ್ಯಾರೇಜಿನಲ್ಲಿತ್ತು, ನನ್ನದು ಒಳಗೆ ಪೇಪರಿನ ಮೇಲಿತ್ತು.

ಮೊಮ್ಮಗಳು ಮುಚ್ಚಳವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಅಜ್ಜಾ, ಇದರೊಳಗೆ ಯಾರು ಪೆನ್ಸಿಲಲ್ಲಿ ಗೀಟು ಎಳೆದಿದ್ದು?”

“ಎಂಥದು?” ಎಂದೆ.

ಅವಳಾಗಲೇ ರಬ್ಬರು ತಂದು ಉಜ್ಜುತ್ತಿದ್ದಳು. “ಅಳಿಸ್ತಾನೇ ಇಲ್ಲ!”

ಮೇಸ್ತ್ರಿ ಲೋಟ ಕೆಳಗಿಟ್ಟರು. ನಾನು ಒಳಗೋಡಿ ಚಾಳೀಸು ತಂದೆ. ಅದನ್ನು ಒಬ್ಬರಾದ ಮೇಲೆ ಒಬ್ಬರು ಹಾಕಿಕೊಂಡು ನೋಡಿದೆವು. ಕಂದು ಮುಚ್ಚಳದ ಒಳಮೈಯಲ್ಲಿ, ಮೂರನೇ ವೈರಿನ ಬುಡದಿಂದ ಅಂಚಿನವರೆಗೆ, ಕೂದಲೆಳೆಯಂಥ ಕಪ್ಪು ಗೆರೆ. ಅಂಚು ಕೂತುಕೊಳ್ಳುವುದು ಡಿಸ್ಟ್ರಿಬ್ಯೂಟರಿನ ಲೋಹದ ಮೈಮೇಲೆ. ಮೇಸ್ತ್ರಿ ಚಾಕುವಿನ ತುದಿಯಿಂದ ಕೆರೆದು ನೋಡಿದರು. ಗೆರೆ ಒಳಗಿನವರೆಗೂ ಕಪ್ಪಾಗಿತ್ತು.

ಆ ಮುಚ್ಚಳ ಬೇಕಲೈಟಿನದು. ನಿಮ್ಮ ಅಜ್ಜನ ಮನೆಯ ಹಳೇ ಕಪ್ಪು ಸ್ವಿಚ್ಚುಗಳಿದ್ದವಲ್ಲ, ಅದೇ ವಸ್ತು. ಲಿಯೋ ಬೇಕಲ್ಯಾಂಡ್ ಎಂಬ ವಿಜ್ಞಾನಿ 1907ರಲ್ಲಿ ಅದನ್ನು ತಯಾರಿಸಿದ. ಅದರ ಮೂಲಕ ಕರೆಂಟ್ ಹರಿಯುವುದಿಲ್ಲ. ಆದರೆ ಎಲ್ಲೋ ಒಂದು ಬಿರುಕಿನಲ್ಲಿ ಥಂಡಿ ಸೇರಿ, ಅದರ ಮೇಲೆ ಕಿಡಿ ಹರಿದು ಸುಟ್ಟರೆ, ಸುಟ್ಟ ಜಾಗ ಇದ್ದಿಲಾಗುತ್ತದೆ. ಇದ್ದಿಲೆಂದರೆ ಇಂಗಾಲ. ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಇಂಗಾಲದ್ದೇ ಒಂದು ರೂಪ. ಅದರಲ್ಲಿ ಕರೆಂಟ್ ಹರಿಯುತ್ತದೆ. (ಎರಡೂ ತುದಿ ಚೂಪು ಮಾಡಿದ ಪೆನ್ಸಿಲನ್ನು ಟಾರ್ಚಿನ ಸೆಲ್ಲಿಗೂ ಬಲ್ಬಿಗೂ ನಡುವೆ ಇಟ್ಟು ದೊಡ್ಡವರ ಎದುರು ನೋಡಿ. ಗೋಡೆಯ ಪ್ಲಗ್ಗಿಗೆ ಮಾತ್ರ ಅಲ್ಲ!) ಮೊಮ್ಮಗಳು ಅದನ್ನು ಪೆನ್ಸಿಲ್ ಗೀಟು ಎಂದದ್ದು ತಮಾಷೆಯೇನಲ್ಲ.

ಹಾಗಾದರೆ ಏಳನೇ ತಿರುವೇ ಏಕೆ? ಅಲ್ಲಿಗೆ ಬರುವಾಗ ಎಂಜಿನ್ ಭಾರ ಹೊತ್ತು ಸುಸ್ತಾಗಿರುತ್ತದೆ, ನಾವು ಆಕ್ಸಿಲರೇಟರ್ ಒತ್ತುತ್ತೇವೆ, ಸಿಲಿಂಡರಿನೊಳಗೆ ಮಿಶ್ರಣ ಹೆಚ್ಚು ತುಂಬಿ ಹೆಚ್ಚು ಬಿಗಿಯಾಗುತ್ತದೆ. ಬಿಗಿಯಾದ ಗಾಳಿಯಲ್ಲಿ ಪ್ಲಗ್ಗಿನ ತುದಿಯ ಆ ಸಣ್ಣ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ಕಷ್ಟ. ಆಗ ಅದು ಸುಲಭದ ದಾರಿ ಹುಡುಕಿ, ಪೆನ್ಸಿಲ್ ಗೀಟಿನ ಮೇಲೆ ಜಾರಿ, ಲೋಹಕ್ಕಿಳಿದು ಮಾಯವಾಗುತ್ತದೆ. ಖಾಲಿ ಗಾಡಿಯಲ್ಲಿ, ಗ್ಯಾರೇಜಿನ ಅಂಗಳದಲ್ಲಿ ಆ ಕಷ್ಟವೇ ಇಲ್ಲ. ಮಳೆ ಬಿದ್ದ ಮಾರನೇ ದಿನ ಮುಚ್ಚಳದೊಳಗೂ ಥಂಡಿ, ಕಳ್ಳದಾರಿ ಇನ್ನಷ್ಟು ಸಲೀಸು. ಹುಡುಗ ಹೇಳಿದ್ದು ಇದನ್ನೇ. ಎರಡು ಸಲ ಹೇಳಿದ್ದ.

ಶಿವಮೊಗ್ಗದಿಂದ ಹೊಸ ಮುಚ್ಚಳ ತರಿಸಿದೆವು. ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಅವನ ಮನೆಗೆ ನಡೆದುಕೊಂಡು ಹೋದೆ. ಮೊಮ್ಮಗಳು ಹಳೇ ಮುಚ್ಚಳ ಹಿಡಿದುಕೊಂಡು ಜೊತೆಗೆ ಬಂದಳು. ಅವನು ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದ. ಅವನ ತಾಯಿ ಬೆಲ್ಲ, ನೀರು ತಂದಿಟ್ಟರು. ತರಗತಿಯಲ್ಲಿ ಮೂವತ್ತು ವರ್ಷ ಮಾತಾಡಿದ ನನಗೆ ಅಲ್ಲಿ ಮಾತು ಹೊರಡಲಿಲ್ಲ. “ನಿನ್ನದು ತಪ್ಪಿರಲಿಲ್ಲ. ನಾನು ಎಲ್ಲರೆದುರು ಹಾಗೆ ಅನ್ನಬಾರದಿತ್ತು” ಎಂದೆ. ಅವನು ಏನೂ ಅನ್ನಲಿಲ್ಲ. ಮೊಮ್ಮಗಳ ಕೈಯಿಂದ ಮುಚ್ಚಳ ತೆಗೆದುಕೊಂಡು ಬೆಳಕಿಗೆ ಹಿಡಿದ.

“ಯಾವ ಸಿಲಿಂಡರು?”

“ಮೂರನೇದು” ಎಂದಳು ಅವಳು.

ಮಾರನೇ ದಿನ ಕೆಲಸದವರೆಲ್ಲ ಬಂದಾಗ ಅಂಗಳದಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಅವನು ಅವತ್ತು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಬಂದು, ಜಗಲಿಯ ಮೇಲೆ ಅವನು ಇಟ್ಟಲ್ಲೇ ಇದ್ದ ಕೀಲಿಕೈ ತೆಗೆದುಕೊಂಡ.

ಹೆಬ್ರಿಯಿಂದ ವಾಪಸು ಬರುವಾಗ ನಾವು ಮೂವರೂ ಮುಂದೆ ಕೂತಿದ್ದೆವು. ಹಿಂದೆ ತೆಂಗಿನಕಾಯಿ, ಮೇಲೆ ಜಿಟಿಜಿಟಿ ಮಳೆ. ಮೊಮ್ಮಗಳು ತಿರುವು ಎಣಿಸುತ್ತಿದ್ದಳು. ಐದು. ಆರು. ಏಳು ಎನ್ನುವಾಗ ಅವಳ ದನಿ ಸಣ್ಣಗಾಯಿತು. ಧಂ, ಧಂ, ಧಂ, ಧಂ. ಹದಿನಾಲ್ಕನೆಯದು ದಾಟಿ ಆಗುಂಬೆ ಮುಟ್ಟುವವರೆಗೂ ತಾಳ ತಪ್ಪಲಿಲ್ಲ.

ಮೇಲೆ ಗಾಡಿ ನಿಲ್ಲಿಸಿ ಅವನು ಅವತ್ತಿನ ಮೊದಲ ಮಾತಾಡಿದ. “ಮೇಷ್ಟ್ರೇ, ಪೆಟ್ರೋಲ್ ಮುಗೀತಾ ಬಂತು. ಹಾಕಿಸುವಾಗ ನೀವೂ ಬನ್ನಿ.”

“ಬೇಡ” ಎಂದೆ. ಜೇಬಿನಲ್ಲಿದ್ದ ದುಡ್ಡು ತೆಗೆದು ಅವನ ಕೈಗಿಟ್ಟೆ. ಅವನು ಎಣಿಸದೆ ಅಂಗಿಯ ಜೇಬಿಗೆ ಹಾಕಿಕೊಂಡು ಗೇರು ಹಾಕಿದ.