ಬರೆ ಮದ್ದಲ್ಲ



ಈ ಬಾರಿ ಕುದುರೆಮರಿಯ ಹೊಕ್ಕುಳಿನ ಬಗ್ಗೆ ಬರೆಯುತ್ತಿದ್ದೇನೆ. ನಿವೃತ್ತ ಮೇಷ್ಟ್ರಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ನಗಬೇಡಿ. ಗಂಗಾವತಿಯ ಸುತ್ತ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕುರಿಹಿಂಡುಗಳು ತಂಗುವುದನ್ನು ನೀವೆಲ್ಲರೂ ಕಂಡವರೇ. ಹಿಂಡಿನ ಜೊತೆಯಲ್ಲಿ ಹಾಸಿಗೆ, ಪಾತ್ರೆ, ಕೋಳಿ, ಆಗತಾನೇ ಹುಟ್ಟಿದ ಕುರಿಮರಿ ಎಲ್ಲವನ್ನೂ ಹೊತ್ತು ನಡೆಯುವ ಕುಳ್ಳ ಕುದುರೆಯನ್ನೂ ಕಂಡಿದ್ದೀರಿ. ಅಲೆಮಾರಿ ಕುರಿಗಾಹಿಯ ಇಡೀ ಸಂಸಾರ ಅದರ ಬೆನ್ನಿನ ಮೇಲಿದೆ. ಅದರ ಮರಿ ಸತ್ತರೆ ಆ ಮನೆಗೆ ಆಗುವ ನಷ್ಟ ಸಣ್ಣದಲ್ಲ.

ಅಂಥ ಮರಿಯ ಹೊಕ್ಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಂಡಿತೆನ್ನಿ. ನಮ್ಮ ಕಡೆ ಇಂದಿಗೂ ಕೆಲವರು ಕುಡುಗೋಲು ಕಾಸಿ ಬರೆ ಎಳೆಯುತ್ತಾರೆ. ಕೆಲವರು ಗಂಟಿನ ಬುಡಕ್ಕೆ ಹುರಿ ಬಿಗಿಯುತ್ತಾರೆ. ಈ ಎರಡೂ ನಿಲ್ಲಬೇಕೆಂಬುದೇ ನನ್ನ ವಾದ.

ಮೊದಲು ಆ ಗಂಟು ಏನೆಂದು ತಿಳಿಯೋಣ. ತಾಯಿಯ ಗರ್ಭದಲ್ಲಿ ಹೊಕ್ಕುಳುಬಳ್ಳಿ ಹಾದುಹೋಗುವ ರಂಧ್ರವು ಮರಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಹೊಟ್ಟೆಯೊಳಗಿನ ಕೊಬ್ಬಿನ ಪದರವೋ ಕರುಳಿನ ಸುರುಳಿಯೋ ಚರ್ಮದ ಕೆಳಗೆ ಇಳಿಯುತ್ತದೆ. ಇದೇ ಹೊಕ್ಕುಳಿನ ಹರ್ನಿಯಾ. ದೋಷವಿರುವುದು ಒಳಗಿನ ಸ್ನಾಯುಗೋಡೆಯಲ್ಲಿ. ಮೇಲಿನ ಚರ್ಮವನ್ನು ಸುಟ್ಟರೆ ಆ ತೂತು ಹೇಗೆ ಮುಚ್ಚೀತು? ಮಾಳಿಗೆ ಸೋರುತ್ತದೆಂದು ಯಾರಾದರೂ ನೆಲಕ್ಕೆ ಗಾರೆ ಹಾಕುತ್ತಾರೆಯೇ?

"ಆದರೆ ಸರ್, ಬರೆ ಹಾಕಿದ ಮೇಲೆ ವಾಸಿಯಾದದ್ದನ್ನು ಕಣ್ಣಾರೆ ಕಂಡಿದ್ದೇವೆ" ಎನ್ನುತ್ತಾರೆ. ಕಂಡಿರುವುದು ನಿಜ. ಎರಡು ಬೆರಳು ಹಿಡಿಸುವಷ್ಟು ಸಣ್ಣ ರಂಧ್ರಗಳಲ್ಲಿ ಅನೇಕವು ಮರಿ ಬೆಳೆದಂತೆ ಕೆಲವೇ ತಿಂಗಳುಗಳಲ್ಲಿ ತಾವಾಗಿ ಮುಚ್ಚುತ್ತವೆ. ಪ್ರಕೃತಿ ಮಾಡಿದ ಕೆಲಸದ ಕೀರ್ತಿಯನ್ನು ಕಬ್ಬಿಣ ಕದ್ದುಕೊಳ್ಳುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ಬರೆ ಹಾಕದ ಮರಿಗಳಲ್ಲಿ ಎಷ್ಟು ವಾಸಿಯಾದವೆಂದು ಎಣಿಸಿದವರಿಲ್ಲ. ಬರೆ ಹಾಕಿಸಿಕೊಂಡು ಸತ್ತ ಮರಿಯನ್ನು 'ಆಯುಷ್ಯ ಮುಗಿದಿತ್ತು' ಎಂದು ಹೂಳುತ್ತಾರೆ. ಗೆಲುವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಯಾವ ಮೂಢನಂಬಿಕೆಯೂ ಸೋಲುವುದಿಲ್ಲ.

ಇದರಿಂದಾಗುವ ಹಾನಿ ಅಲ್ಪವಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತ್ಯಂತ ಸುಲಭವಾಗಿ ತುತ್ತಾಗುವುದು ಕುದುರೆ. ಸುಟ್ಟ ಗಾಯ, ಲದ್ದಿ ಬೆರೆತ ಮಣ್ಣು, ಎಳೆಯ ಮರಿ, ಈ ಮೂರೂ ಸೇರಿದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ಹುರಿ ಬಿಗಿಯುವುದಂತೂ ಇನ್ನೂ ಅಪಾಯಕರ. ಒಳಗೆ ಕರುಳು ಸಿಕ್ಕಿಕೊಂಡಿದ್ದರೆ ರಕ್ತ ಸಂಚಾರ ನಿಂತು ಅದು ಕೊಳೆಯುತ್ತದೆ. ಗಂಟು ಕೆಲವೊಮ್ಮೆ ಹರ್ನಿಯಾ ಆಗಿರದೆ ಕೀವಿನ ಬಾವೂ ಆಗಿರಬಹುದು. ಬಾವೆಂದು ಭಾವಿಸಿ ಕೊಯ್ದರೆ ಕರುಳೇ ಹೊರಬಂದೀತು. ಇದನ್ನು ನಿರ್ಧರಿಸಬೇಕಾದವರು ಪಶುವೈದ್ಯರು.

ಇದು ಹಿರಿಯರ ವಿದ್ಯೆ ಎಂಬ ಸಮರ್ಥನೆಯೂ ಇದೆ. 12ನೆಯ ಶತಮಾನದಲ್ಲಿ ಚಾಲುಕ್ಯ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ನಮ್ಮ ಆನೆಗೊಂದಿಯ ಹೊಳೆಯಾಚೆ, ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಕುದುರೆಗಳ ಸಾಲುಸಾಲೇ ಇದೆ. ಪ್ರಾಣಿಗಳ ವಿಷಯದಲ್ಲಿ ಇಷ್ಟು ಆಸ್ಥೆ ತೋರಿದ ಹಿರಿಯರು ನಮಗೆ ಬಿಟ್ಟುಹೋದದ್ದು ಕಾದ ಕುಡುಗೋಲು ಮಾತ್ರ ಎನ್ನುವುದು ಅವರಿಗೆ ಮಾಡುವ ಅವಮಾನ.

ಆದರೆ ತಪ್ಪನ್ನೆಲ್ಲ ಕುರಿಗಾಹಿಯ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ನನ್ನ ಪರಿಚಿತರೊಬ್ಬರು ಮರಿಯನ್ನು ನಡೆಸಿಕೊಂಡು ದವಾಖಾನೆಯೊಂದಕ್ಕೆ ಹೋದಾಗ "ಕುದುರೆಯ ಕೆಲಸ ನಮ್ಮಲ್ಲಿ ಆಗದು" ಎಂಬ ಉತ್ತರ ದೊರೆಯಿತು. ಹಾಲು ಕೊಡದ, ಮಾಂಸಕ್ಕೆ ಬಾರದ ಪ್ರಾಣಿಗೆ ನಮ್ಮ ಯೋಜನೆಗಳಲ್ಲಿ ಸ್ಥಾನ ಕಡಿಮೆ. ಬಾಗಿಲು ಮುಚ್ಚಿದವರಿಗೆ ಬರೆಯನ್ನು ಹಳಿಯುವ ಅಧಿಕಾರವಿಲ್ಲ. ಪಂದ್ಯದ ಕುದುರೆಗೆ ಇರುವ ವೈದ್ಯ, ಹೊರೆ ಹೊರುವ ಕುದುರೆಗೂ ಬೇಕು.

ಮಾಡಬೇಕಾದದ್ದು ಸರಳ. ದಿನವೂ ಗಂಟನ್ನು ಮೆಲ್ಲಗೆ ಒತ್ತಿ ನೋಡಬೇಕು. ಮೆತ್ತಗಿದ್ದು ಒಳಕ್ಕೆ ಸರಿದರೆ ಗಾಬರಿ ಬೇಡ, ಆದರೆ ವೈದ್ಯರಿಗೆ ಒಮ್ಮೆ ತೋರಿಸಿರಬೇಕು. ರಂಧ್ರ ಮೂರು ಬೆರಳಿಗಿಂತ ಅಗಲವಿದ್ದರೆ, ದೊಡ್ಡದಾಗುತ್ತಿದ್ದರೆ, ಅಥವಾ ಆರು ತಿಂಗಳಾದರೂ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಗಂಟು ಗಟ್ಟಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ, ಮರಿ ಹಾಲು ಬಿಟ್ಟು ಹೊರಳಾಡುತ್ತಿದ್ದರೆ ಒಂದು ಗಂಟೆಯೂ ಕಾಯಬಾರದು. ಪಶು ಸಹಾಯವಾಣಿಯ ಸಂಖ್ಯೆ 1962. ಗಬ್ಬದ ಕುದುರೆಗೆ ಈಯುವ ತಿಂಗಳ ಮುಂಚೆ ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ. ಈ ದೋಷ ವಂಶಪಾರಂಪರ್ಯವಾಗಿ ಬರುವ ಸಾಧ್ಯತೆಯಿರುವುದರಿಂದ ಅಂಥ ಕುದುರೆಯಿಂದ ಮರಿ ಹಾಕಿಸದಿರುವುದು ಲೇಸು.

ನಿಮ್ಮಲ್ಲಿ ಹೊಲಮನೆ ಇರುವವರು ಅನೇಕರು. ಮುಂದಿನ ಸುಗ್ಗಿಗೆ ನಿಮ್ಮ ಗದ್ದೆಯಲ್ಲಿ ಹಿಂಡು ತಂಗಿದಾಗ ಈ ನಾಲ್ಕು ಮಾತು ಅವರಿಗೆ ತಿಳಿಸಿ, ಸಾಧ್ಯವಾದರೆ ವೈದ್ಯರಿಗೆ ನೀವೇ ಕರೆ ಮಾಡಿ. ನಾನು ಕಲಿಸಿದ ವಿಜ್ಞಾನ ಪರೀಕ್ಷೆಯ ಅಂಕಗಳಿಗಷ್ಟೇ ಆಗಿದ್ದರೆ ನನ್ನ ಬಿ.ಎಡ್. ವ್ಯರ್ಥವಾದಂತೆ.

ನಿಮ್ಮ ಮೇಷ್ಟ್ರು